ಮದ್ದು ಪಾಯಸ ಮತ್ತು ಮಾತ್ರೆ ಡಬ್ಬಿ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಮಳೆಗಾಲದ ಕಕ್ಕಡ ಮಾಸ ಬಂತೆಂದರೆ ಕೊಡಗಿನ ಓದುಗರ ಪತ್ರಗಳಲ್ಲಿ ಕೆಮ್ಮು, ನೆಗಡಿ, ಕೀಲುನೋವುಗಳ ಜೊತೆಗೆ ಸೊಪ್ಪು, ಕಷಾಯ, ಹುಳಿಗಳ ವಿಚಾರವೂ ಸೇರಿಕೊಳ್ಳುತ್ತದೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಗತಿಯನ್ನು ಕೇಳಿದ್ದರಿಂದ, ಮನೆಮದ್ದು ಮತ್ತು ವೈದ್ಯರು ಬರೆದುಕೊಟ್ಟ ಮಾತ್ರೆ ಒಂದೇ ದೇಹದಲ್ಲಿ ಸೇರಿದಾಗ ಏನಾಗುತ್ತದೆ ಎಂಬುದಕ್ಕೇ ಅಂಕಣವನ್ನು ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: ನನ್ನ ತಾಯಿಗೆ ಅರವತ್ತೇಳು ವರ್ಷ. ಹೃದಯದ ಕವಾಟ ಕೆಟ್ಟಿದ್ದರಿಂದ ಲೋಹದ ಕವಾಟ ಅಳವಡಿಸಿದ್ದಾರೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಸೇವಿಸುತ್ತಾರೆ. ಕಕ್ಕಡ ಪದಿನೆಟ್‌ರ (ಆ ಮಾಸದ ಹದಿನೆಂಟನೆಯ) ದಿನ ಮದ್ದು ಪಾಯಸ ಬಿಟ್ಟವರಲ್ಲ. ಕಳೆದ ವರ್ಷ ಪಾಯಸ ತಿಂದ ಮೇಲೆ ಮೂತ್ರ ಕೆಂಪಾಗಿ, ರಕ್ತವೇ ಹೋಗುತ್ತಿದೆಯೆಂದು ನಾವೆಲ್ಲ ಗಾಬರಿಯಾದೆವು. ಈ ವರ್ಷ ಕೊಡಬಹುದೇ? – ಪೊನ್ನಂಪೇಟೆ

ಉತ್ತರ: ಆಗಸ್ಟ್ 3ರ ಹೊತ್ತಿಗೆ ಕೊಡಗಿನ ಮನೆಮನೆಯಲ್ಲೂ ಪಾಯಸಕ್ಕೆ ಬೇಯುವ ಮದ್ದು ಸೊಪ್ಪಿನ ಶಾಸ್ತ್ರೀಯ ಹೆಸರು ಜಸ್ಟಿಸಿಯಾ ವೈನಾಡೆನ್ಸಿಸ್. ಇದು ಪಶ್ಚಿಮ ಘಟ್ಟದ ಗಿಡ. ಎಲೆ ಮತ್ತು ಕಾಂಡವನ್ನು ನೀರಲ್ಲಿ ಕುದಿಸಿದಾಗ ಬಿಡುವ ಕಡು ನೇರಳೆ ರಸಕ್ಕೆ ಅಕ್ಕಿ, ಬೆಲ್ಲ, ತೆಂಗಿನ ಹಾಲು ಸೇರಿಸಿ ಪಾಯಸ ಮಾಡುತ್ತಾರೆ, ಇಲ್ಲವೇ ಪುಟ್ಟು ಮಾಡಿ ತುಪ್ಪ, ಜೇನಿನ ಜೊತೆ ತಿನ್ನುತ್ತಾರೆ. ಆ ದಿನ ಇದರಲ್ಲಿ ಹದಿನೆಂಟು ಬಗೆಯ ಔಷಧಗಳು ಸೇರಿರುತ್ತವೆ ಎಂಬ ನಂಬಿಕೆ ನಿಮಗೆ ಗೊತ್ತೇ ಇದೆ. ಆ ಬಣ್ಣ ಮೂತ್ರಪಿಂಡದ ಮೂಲಕ ಹೊರಹೋಗುವುದರಿಂದ ಮೂತ್ರ ಕೆಂಪಾಗುತ್ತದೆ. ಹಿರಿಯರು ಇದನ್ನು ಮದ್ದು ಮೈಗೆ ಹಿಡಿದ ಗುರುತೆಂದು ಹೇಳುತ್ತಾರೆ. ಆರೋಗ್ಯವಂತರಿಗೆ ಇದರಿಂದ ಅಂಜಿಕೆಯೇನಿಲ್ಲ.

ನಿಮ್ಮ ತಾಯಿಯ ವಿಷಯದಲ್ಲಿ ನನ್ನನ್ನು ಯೋಚನೆಗೆ ಹಚ್ಚಿದ್ದು ಸೊಪ್ಪಿನ ಗುಣಕ್ಕಿಂತ ಈ ಬಣ್ಣವೇ. ವಾರ್ಫರಿನ್ ಪ್ರಮಾಣ ಹೆಚ್ಚಾದಾಗ ಮೊದಲು ಕಾಣಿಸಿಕೊಳ್ಳುವ ಲಕ್ಷಣಗಳಲ್ಲಿ ಮೂತ್ರದಲ್ಲಿ ರಕ್ತ ಹೋಗುವುದೂ ಒಂದು. ಕಳೆದ ವರ್ಷ ನೀವು ಬಣ್ಣವನ್ನು ರಕ್ತವೆಂದು ತಿಳಿದು ಗಾಬರಿಯಾದಿರಿ, ಅದರಿಂದ ಹಾನಿಯಾಗಲಿಲ್ಲ. ಇದರ ತಿರುಗುಮುರುಗಾದರೆ, ಅಂದರೆ ನಿಜವಾಗಿಯೂ ರಕ್ತ ಹೋಗುತ್ತಿರುವಾಗ ‘ಪಾಯಸದ ಬಣ್ಣ ತಾನೇ’ ಎಂದು ಮನೆಯವರು ಸುಮ್ಮನಿದ್ದುಬಿಟ್ಟರೆ, ಅದೇ ದೊಡ್ಡ ಅಪಾಯ. ಸೊಪ್ಪಿನ ಬಣ್ಣ ಒಂದೆರಡು ದಿನಗಳಲ್ಲಿ ತಿಳಿಯಾಗುತ್ತಾ ಹೋಗಬೇಕು. ಮೂರನೆಯ ದಿನವೂ ಕೆಂಪು ಉಳಿದರೆ, ಮೂತ್ರದಲ್ಲಿ ಗರಣೆಗಳು ಕಂಡರೆ, ಮಲ ಟಾರಿನಂತೆ ಕಪ್ಪಾದರೆ, ಒಸಡಿನಿಂದ ರಕ್ತ ಬಂದರೆ, ಏಟಿಲ್ಲದೆಯೂ ಚರ್ಮದ ಮೇಲೆ ನೀಲಿ ಕಲೆಗಳು ಮೂಡಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಮೂತ್ರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಂಪು ರಕ್ತಕಣಗಳಿವೆಯೇ ಇಲ್ಲವೇ ಎಂಬುದು ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ. ಪರೀಕ್ಷೆ ಮಾಡುವವರಿಗೆ ಪಾಯಸ ತಿಂದ ವಿಷಯವನ್ನು ಮುಂಚಿತವಾಗಿ ಹೇಳಿ, ಏಕೆಂದರೆ ಬಣ್ಣ ನೋಡಿ ಓದುವ ಪಟ್ಟಿಯ ಪರೀಕ್ಷೆಯನ್ನು ಬಣ್ಣದ ಮೂತ್ರ ದಾರಿ ತಪ್ಪಿಸಬಲ್ಲದು.

ವಾರ್ಫರಿನ್ ಕುರಿತು ಒಂದು ಮಾತು. ಈ ಮಾತ್ರೆಯ ಮೂಲವೂ ಒಂದು ಗಿಡವೇ. ಉತ್ತರ ಅಮೆರಿಕದಲ್ಲಿ ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಎಂಬ ಮೇವನ್ನು ತಿಂದ ದನಗಳು 1920ರ ದಶಕದಲ್ಲಿ ರಕ್ತಸ್ರಾವವಾಗಿ ಸತ್ತವು. ಅದರ ಕಾರಣ ಹುಡುಕುತ್ತಾ ಹೋದವರಿಗೆ ಸಿಕ್ಕ ರಾಸಾಯನಿಕದ ವಂಶದಿಂದ ವಾರ್ಫರಿನ್ ಹುಟ್ಟಿತು. 1948ರಲ್ಲಿ ಅದು ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂದು, 1954ರಲ್ಲಿ ಮನುಷ್ಯರಿಗೆ ಔಷಧವಾಯಿತು. ಔಷಧಕ್ಕೂ ವಿಷಕ್ಕೂ ನಡುವಿನ ಅಂತರ ಇಷ್ಟು ಕಿರಿದಾದ ಮಾತ್ರೆಗಳು ಕೆಲವೇ. ಆದ್ದರಿಂದಲೇ ಐಎನ್‌ಆರ್ ಎಂಬ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ಅಳೆಯುವ ರಕ್ತಪರೀಕ್ಷೆಯನ್ನು ಪದೇ ಪದೇ ಮಾಡಿಸಬೇಕಾಗುತ್ತದೆ. ಆರೋಗ್ಯವಂತರಲ್ಲಿ ಇದು 1ರ ಆಸುಪಾಸಿನಲ್ಲಿರುತ್ತದೆ. ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಜಾಗದಲ್ಲಿ ಲೋಹದ ಕವಾಟ ಇರುವವರಲ್ಲಿ ಸಾಮಾನ್ಯವಾಗಿ 2.5ರಿಂದ 3.5ರ ನಡುವೆ ಇರಿಸುತ್ತಾರೆ. ನಮ್ಮಲ್ಲಿ ಬಹಳ ಮಂದಿ ಸೇವಿಸುವ, ಇದೇ ಬಗೆಯ ಅಸೆನೊಕೌಮರಾಲ್ ಮಾತ್ರೆಗೂ ಇಲ್ಲಿನ ಮಾತುಗಳೆಲ್ಲ ಅನ್ವಯಿಸುತ್ತವೆ.

ಮದ್ದು ಸೊಪ್ಪಿನ ಮೇಲೆ ನಡೆದಿರುವ ಕೆಲಸ ಹೆಚ್ಚಾಗಿ ಪ್ರಯೋಗಾಲಯದ ಗಾಜಿನ ಕೊಳವೆಯಲ್ಲಿ ನಡೆದದ್ದು. ಅದನ್ನು ಹಿಡಿದುಕೊಂಡು ವಾರ್ಫರಿನ್ ಜೊತೆ ಈ ಸೊಪ್ಪು ಸುರಕ್ಷಿತವೆಂದು ನಾನು ಬರೆದುಕೊಡಲಾರೆ. ಕವಾಟವನ್ನು ನೋಡಿಕೊಳ್ಳುವ ವೈದ್ಯರಿಗೆ ಮೊದಲೇ ಫೋನು ಮಾಡಿ ಕೇಳಿ. ಅವರು ಬೇಡವೆಂದರೆ ಬೇಡ. ಒಪ್ಪಿದರೆ ಆ ಒಂದು ದಿನ ಸಣ್ಣ ಬಟ್ಟಲಿನಷ್ಟು ಕೊಟ್ಟು, ಒಂದು ವಾರದೊಳಗೆ ಐಎನ್‌ಆರ್ ಮಾಡಿಸಿ. ಉಳಿದ ರಸವನ್ನು ಫ್ರಿಜ್ಜಿನಲ್ಲಿಟ್ಟು ವಾರವಿಡೀ ಕುಡಿಸುವುದು ಮಾತ್ರ ಖಂಡಿತ ಬೇಡ. ಪಾಯಸದ ನೆಪದಲ್ಲಿ ಆ ದಿನದ ವಾರ್ಫರಿನ್ ತಪ್ಪಿಸುವುದಂತೂ ಇನ್ನೂ ಕೆಟ್ಟದ್ದು, ಏಕೆಂದರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿದರೆ ಜೀವಕ್ಕೇ ಅಪಾಯ.

ನೀವು ಕೇಳದ ಒಂದು ಸಂಗತಿಯನ್ನೂ ಹೇಳಬೇಕು. ಒಂದು ದಿನದ ಪಾಯಸಕ್ಕಿಂತ ಇಡೀ ಮಳೆಗಾಲದ ಊಟವೇ ವಾರ್ಫರಿನ್ನಿಗೆ ಹೆಚ್ಚು ತೊಡಕು ಒಡ್ಡುತ್ತದೆ. ಕೆಸುವಿನ ಎಲೆ, ತೆರ್ಮೆ ತೊಪ್ಪು (ಜರಿಗಿಡದ ಎಳೆ ಚಿಗುರು) ಮತ್ತು ಹಿತ್ತಲಿನ ಇತರ ಸೊಪ್ಪುಗಳಲ್ಲಿ ವಿಟಮಿನ್ ಕೆ ಇರುತ್ತದೆ. ವಾರ್ಫರಿನ್ ಕೆಲಸ ಮಾಡುವುದೇ ಈ ವಿಟಮಿನ್ನಿನ ಬಳಕೆಯನ್ನು ತಡೆಯುವ ಮೂಲಕ. ಬೇಸಿಗೆಯಲ್ಲಿ ಸೊಪ್ಪು ಅಪರೂಪವಾಗಿದ್ದು, ಜುಲೈ ತಿಂಗಳಲ್ಲಿ ದಿನಕ್ಕೆರಡು ಹೊತ್ತು ಸೊಪ್ಪಿನ ಸಾರಾದರೆ ಐಎನ್‌ಆರ್ ಕುಸಿಯುತ್ತದೆ, ಅಂದರೆ ರಕ್ತ ಬೇಗ ಹೆಪ್ಪುಗಟ್ಟುವಂತಾಗುತ್ತದೆ. ಸೊಪ್ಪು ಕೊಡುವುದನ್ನು ನಿಲ್ಲಿಸಬೇಡಿ, ವರ್ಷವಿಡೀ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಕೊಡಿ. ಕಣಿಲೆ ಮತ್ತು ಅಣಬೆಯಲ್ಲಿ ಈ ವಿಟಮಿನ್ ಗಮನಿಸುವಷ್ಟಿಲ್ಲ.

ಸಕ್ಕರೆಯ ಮಾತು ಚಿಕ್ಕದು. ಸೊಪ್ಪು ಸಕ್ಕರೆಯನ್ನು ಇಳಿಸುತ್ತದೆ ಎಂಬ ಧೈರ್ಯದಿಂದ ಬೆಲ್ಲದ ಪಾಯಸವನ್ನು ಎರಡನೆಯ ಸಲ ಬಡಿಸಿಕೊಳ್ಳುವವರನ್ನು ನಾನು ಪ್ರತಿವರ್ಷ ನೋಡುತ್ತೇನೆ. ಬಟ್ಟಲಿನಲ್ಲಿರುವ ಬೆಲ್ಲ, ಅಕ್ಕಿಗಳ ಲೆಕ್ಕವನ್ನು ಸೊಪ್ಪು ತೀರಿಸುವುದಿಲ್ಲ.

ಪ್ರಶ್ನೆ: ನನಗೆ ಮೂರ್ಛೆ ರೋಗವಿದ್ದು ಹಲವು ವರ್ಷಗಳಿಂದ ಫೆನಿಟಾಯಿನ್ ಸೇವಿಸುತ್ತಿದ್ದೇನೆ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆಯೂ ಇದೆ. ನಮ್ಮ ತೋಟದ್ದೇ ಕರಿಮೆಣಸು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೆರಡು ಸಲ ಮೆಣಸು, ಶುಂಠಿ, ಜೇಷ್ಠಮಧು ಹಾಕಿದ ಕಷಾಯ ಕುಡಿಯುತ್ತೇನೆ. ಈಚೆಗೆ ನಡೆಯುವಾಗ ಓಲಾಡಿದಂತಾಗುತ್ತದೆ. ಇದು ವಯಸ್ಸಿನ ಕಾರಣವೇ? – ಸಿದ್ದಾಪುರ

ಉತ್ತರ: ವಯಸ್ಸನ್ನು ದೂರುವ ಮೊದಲು ನಿಮ್ಮ ರಕ್ತದಲ್ಲಿ ಫೆನಿಟಾಯಿನ್ ಎಷ್ಟಿದೆ ಎಂದು ಪರೀಕ್ಷಿಸಿಕೊಳ್ಳಿ. ಓಲಾಟ, ಮಂಪರು, ವಸ್ತು ಎರಡಾಗಿ ಕಾಣುವುದು, ಕಣ್ಣುಗುಡ್ಡೆ ಅದುರುವುದು ಇವೆಲ್ಲ ಆ ಔಷಧ ಮಿತಿಮೀರಿದಾಗಿನ ಲಕ್ಷಣಗಳು. ಒಂದು ಮಿಲಿಲೀಟರ್ ರಕ್ತದ್ರವಕ್ಕೆ 10ರಿಂದ 20 ಮೈಕ್ರೋಗ್ರಾಂ ಇರುವುದು ಸರಿಯಾದ ಮಟ್ಟ. ಫೆನಿಟಾಯಿನ್ನಿನ ಸ್ವಭಾವ ವಿಚಿತ್ರವಾದದ್ದು. ಒಂದು ಹಂತ ದಾಟಿದ ಮೇಲೆ ಅದನ್ನು ಕರಗಿಸುವ ಯಕೃತ್ತಿನ ಶಕ್ತಿ ಭರ್ತಿಯಾಗಿಬಿಡುವುದರಿಂದ, ಒಳಸೇರುವ ಪ್ರಮಾಣ ಸ್ವಲ್ಪವೇ ಹೆಚ್ಚಿದರೂ ರಕ್ತದ ಮಟ್ಟ ಥಟ್ಟನೆ ಏರುತ್ತದೆ.

ಮೆಣಸಿಗೆ ಇಲ್ಲೇನು ಕೆಲಸವೆಂದರೆ, ಅದರ ಖಾರಕ್ಕೆ ಕಾರಣವಾದ ಪೈಪರೀನ್ ಎಂಬ ವಸ್ತು ಕರುಳು ಮತ್ತು ಯಕೃತ್ತಿನಲ್ಲಿ ಔಷಧಗಳನ್ನು ಒಡೆದುಹಾಕುವ ಕಿಣ್ವಗಳನ್ನು ತಡೆಯುತ್ತದೆ. ಒಡೆಯದೆ ಉಳಿದ ಔಷಧ ಹೆಚ್ಚಾಗಿ ರಕ್ತ ಸೇರುತ್ತದೆ. ನಮ್ಮ ರಾಜ್ಯದಲ್ಲೇ, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಗ್ರಾಂ ಕರ್ಕ್ಯುಮಿನ್, ಅಂದರೆ ಅರಿಶಿನದ ಸತ್ವ, ಒಂಟಿಯಾಗಿ ಕೊಟ್ಟಾಗ ರಕ್ತದಲ್ಲಿ ಪತ್ತೆಯೇ ಆಗದಷ್ಟು ಕಡಿಮೆಯಿತ್ತು. ಅದರ ಜೊತೆ 20 ಮಿಲಿಗ್ರಾಂ ಪೈಪರೀನ್ ಸೇರಿಸಿದಾಗ ಲಭ್ಯತೆ ಶೇಕಡಾ 2000ದಷ್ಟು ಹೆಚ್ಚಿತು. ಜಮ್ಮುವಿನ ಸರ್ಕಾರಿ ಪ್ರಯೋಗಾಲಯದ ಸಂಶೋಧನೆಯಿಂದ ಇದೇ ಗುಣವನ್ನು ಬೇಕೆಂದೇ ಬಳಸಿದ ಕ್ಷಯದ ಮಾತ್ರೆಯೊಂದು ಬಂದಿದ್ದು, ಅದರಲ್ಲಿ ರಿಫಾಂಪಿಸಿನ್ ಅನ್ನು 200 ಮಿಲಿಗ್ರಾಂಗೆ ಇಳಿಸಿ 10 ಮಿಲಿಗ್ರಾಂ ಪೈಪರೀನ್ ಬೆರೆಸಿದ್ದಾರೆ. ಲೆಕ್ಕ ಹಾಕಿ ಬೆರೆಸಿದರೆ ಉಪಕಾರ, ಲೆಕ್ಕವಿಲ್ಲದೆ ಕಷಾಯದಲ್ಲಿ ಬೆರೆತರೆ ಓಲಾಟ. ಫೆನಿಟಾಯಿನ್ ಜೊತೆಯೂ ಇದನ್ನು ಪರೀಕ್ಷಿಸಲಾಗಿದೆ. ಮೆಣಸು ಹಾಕಿದ ಸೂಪಿನ ಜೊತೆ ಮಾತ್ರೆ ತೆಗೆದುಕೊಂಡವರಲ್ಲಿ ಔಷಧದ ಮಟ್ಟ ಹೆಚ್ಚಾದದ್ದು ಕಂಡುಬಂದಿದೆ.

ಒಣ ಮೆಣಸಿನ ತೂಕದಲ್ಲಿ ಸುಮಾರು ಇಪ್ಪತ್ತನೆಯ ಒಂದು ಭಾಗ ಪೈಪರೀನ್ ಎಂದಿಟ್ಟುಕೊಂಡರೆ, ಬೆಂಗಳೂರಿನ ಅಧ್ಯಯನದಲ್ಲಿ ಕೊಟ್ಟ 20 ಮಿಲಿಗ್ರಾಂ ಎಂಬುದು ಅರ್ಧ ಗ್ರಾಂಗೂ ಕಡಿಮೆ ಮೆಣಸಿನಲ್ಲಿದೆ. ಹತ್ತು ಕಾಳು ಕುಟ್ಟಿದರೆ ಹೆಚ್ಚುಕಡಿಮೆ ಅಷ್ಟಾಯಿತು. ಕುದಿಸಿದ ಮೆಣಸಿನ ಪೈಪರೀನ್ ಎಲ್ಲವೂ ನೀರಿಗೆ ಇಳಿಯುವುದಿಲ್ಲ, ನಿಜ. ಆದರೆ ಗಸಿಯನ್ನೂ ಸೇರಿಸಿ ಕುಡಿಯುವವರು ಬಹಳ ಮಂದಿ. ಸಾರಿಗೆ, ಪಂದಿ ಕರಿಗೆ ಬೀಳುವ ಮೆಣಸನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಅದು ವರ್ಷವಿಡೀ ಇದ್ದದ್ದೇ, ನಿಮ್ಮ ಮಾತ್ರೆಯ ಪ್ರಮಾಣ ಅದರ ನಡುವೆಯೇ ನಿಗದಿಯಾಗಿದೆ. ನಾಲ್ಕು ತಿಂಗಳು ಮಾತ್ರ ಬಂದು ಹೋಗುವ ಕಷಾಯ ಹಾಗಲ್ಲ. ಅದನ್ನು ಈಗಲೇ ನಿಲ್ಲಿಸಿ, ನರರೋಗ ವೈದ್ಯರನ್ನು ಕಂಡು ರಕ್ತದ ಮಟ್ಟ ನೋಡಿಸಿ. ಮಾತ್ರೆಯನ್ನು ಮಾತ್ರ ನೀವಾಗಿ ಕಡಿಮೆ ಮಾಡಬೇಡಿ, ಕಷಾಯ ನಿಂತ ಮೇಲೆ ಮಟ್ಟ ಇಳಿಯುತ್ತದೆ, ಆಗ ಮಾತ್ರೆಯೂ ಕಡಿಮೆಯಾಗಿದ್ದರೆ ಮೂರ್ಛೆ ಮರಳಬಹುದು. ಆಸ್ತಮಾಕ್ಕೆ ಥಿಯೋಫಿಲಿನ್, ಹೃದಯದ ಬಡಿತಕ್ಕೆ ಪ್ರೊಪ್ರನೊಲಾಲ್ ಸೇವಿಸುವವರಿಗೂ ಇದೇ ಎಚ್ಚರಿಕೆ.

ಜೇಷ್ಠಮಧುವಿನದು ಬೇರೆಯೇ ದಾರಿ. ಅದರಲ್ಲಿರುವ ಗ್ಲಿಸಿರೈಜಿನ್ ಮೂತ್ರಪಿಂಡದಲ್ಲಿ ಕಾರ್ಟಿಸಾಲ್ ಹಾರ್ಮೋನನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ತಡೆಯುತ್ತದೆ. ಪರಿಣಾಮವಾಗಿ ಉಪ್ಪು ಮತ್ತು ನೀರು ದೇಹದಲ್ಲಿ ನಿಲ್ಲುತ್ತವೆ, ಪೊಟ್ಯಾಸಿಯಂ ಸೋರಿಹೋಗುತ್ತದೆ, ರಕ್ತದೊತ್ತಡ ಏರುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆಗಳಲ್ಲಿ ಹೆಚ್ಚಿನವು ಪೊಟ್ಯಾಸಿಯಂ ಅನ್ನು ತಾವೂ ಹೊರಹಾಕುತ್ತವೆ. ಎರಡೂ ಸೇರಿದರೆ ಸ್ನಾಯುಗಳು ಸೋಲುತ್ತವೆ, ಹೃದಯದ ಲಯ ತಪ್ಪಬಹುದು, ಜೊತೆಗೆ ಹೃದಯಕ್ಕೆಂದು ಡಿಗಾಕ್ಸಿನ್ ಸೇವಿಸುವವರಾದರೆ ಅಪಾಯ ಇಮ್ಮಡಿ. ಒಂದು ಚೂರನ್ನು ಕೆಮ್ಮಿಗೆಂದು ಎರಡು ದಿನ ಬಾಯಲ್ಲಿಟ್ಟುಕೊಳ್ಳುವುದಕ್ಕೂ ನಾಲ್ಕು ತಿಂಗಳು ದಿನಕ್ಕೆರಡು ಸಲ ಕುಡಿಯುವುದಕ್ಕೂ ಹೋಲಿಕೆಯಿಲ್ಲ. ರಕ್ತ ಕೊಡುವಾಗ ಪೊಟ್ಯಾಸಿಯಂ ಅನ್ನೂ ನೋಡಿಸಿ.

ಪ್ರಶ್ನೆ: ಕಾಚಂಪುಳಿ ಕೊಬ್ಬು ಕರಗಿಸುತ್ತದೆಂದು ಓದಿ, ಅದೇ ಹಣ್ಣಿನ ಸತ್ವವೆಂದು ಮಾರುವ ಗಾರ್ಸಿನಿಯಾ ಕ್ಯಾಪ್ಸೂಲನ್ನು ಆನ್‌ಲೈನಿನಲ್ಲಿ ತರಿಸಿದ್ದೇನೆ. ಖಿನ್ನತೆಗೆ ಎಸ್ಸಿಟಲೋಪ್ರಾಂ ಸೇವಿಸುತ್ತಿದ್ದೇನೆ. ನಮ್ಮ ಅಡುಗೆಮನೆಯಲ್ಲೇ ಇರುವ ಹುಳಿಯಾದ್ದರಿಂದ ತೊಂದರೆ ಇಲ್ಲವಲ್ಲವೇ? – ವಿರಾಜಪೇಟೆ

ಉತ್ತರ: ಕ್ಯಾಪ್ಸೂಲಿನ ಡಬ್ಬಿಯನ್ನೇ ತೆರೆಯಬೇಡಿ. ಕಾಚಂಪುಳಿ ತಯಾರಾಗುವುದು ಗಾರ್ಸಿನಿಯಾ ಗಮ್ಮಿ-ಗುಟ್ಟಾ ಹಣ್ಣಿನ ರಸವನ್ನು ಕುದಿಸಿ ಕಪ್ಪಗೆ ಗಟ್ಟಿ ಮಾಡಿ. ಅದನ್ನು ನಾವು ಬಳಸುವುದು ಒಂದು ಪಾತ್ರೆ ಮಾಂಸಕ್ಕೆ ಒಂದೆರಡು ಚಮಚ, ಅದೂ ಮನೆಮಂದಿಗೆಲ್ಲ ಹಂಚಿಹೋಗುತ್ತದೆ. ಕ್ಯಾಪ್ಸೂಲಿನಲ್ಲಿ ಆ ಹಣ್ಣಿನ ಹೈಡ್ರಾಕ್ಸಿಸಿಟ್ರಿಕ್ ಆಮ್ಲವನ್ನು ಬೇರ್ಪಡಿಸಿ, ಸಾಂದ್ರಗೊಳಿಸಿ, ದಿನವೂ ಒಬ್ಬರೇ ನುಂಗುವಂತೆ ತುಂಬಿರುತ್ತಾರೆ. ಹಣ್ಣು ಒಂದೇ ಆಗಿದ್ದರೂ ದೇಹ ಎದುರಿಸಬೇಕಾದ ಪ್ರಮಾಣ ಬೇರೆ.

ಈ ಸತ್ವವಿರುವ ಪೂರಕಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ, ಕೆಲವರಿಗೆ ಯಕೃತ್ತಿನ ಕಸಿಯೇ ಬೇಕಾಗಿ ಬಂದಿದೆ. ನಿಮಗೆ ನೇರವಾಗಿ ಸಂಬಂಧಿಸಿದ್ದು ಇನ್ನೊಂದಿದೆ. ಎಸ್ಸಿಟಲೋಪ್ರಾಂ ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಹೆಚ್ಚು ಹೊತ್ತು ಉಳಿಸುತ್ತದೆ. ಗಾರ್ಸಿನಿಯಾ ಸತ್ವವೂ ಸೆರೊಟೋನಿನ್ ಮೇಲೆ ಪರಿಣಾಮ ಬೀರುತ್ತದೆಂದು ಭಾವಿಸಲಾಗಿದೆ, ಮತ್ತು ಈ ವರ್ಗದ ಮಾತ್ರೆಯೊಂದಿಗೆ ಅದನ್ನು ಸೇವಿಸಿದ ರೋಗಿಯಲ್ಲಿ ಸೆರೊಟೋನಿನ್ ವಿಪರೀತವಾದದ್ದು ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ನಡುಕ, ವಿಪರೀತ ಬೆವರು, ಜ್ವರ, ಸ್ನಾಯುಗಳ ಸೆಡೆತ, ಚಡಪಡಿಕೆ ಅದರ ಲಕ್ಷಣಗಳು. ಇವು ಕಂಡರೆ ತುರ್ತು ಚಿಕಿತ್ಸೆ ಬೇಕು. ತೂಕದ ಚಿಂತೆಯನ್ನು ನಿಮ್ಮ ಮನೋವೈದ್ಯರಲ್ಲೇ ಹೇಳಿಕೊಳ್ಳಿ, ಖಿನ್ನತೆಯ ಮಾತ್ರೆಯಿಂದಲೇ ತೂಕ ಏರಿರುವ ಸಾಧ್ಯತೆಯೂ ಇದೆ, ಅದಕ್ಕೆ ಅವರ ಬಳಿ ಬೇರೆ ದಾರಿಗಳಿರುತ್ತವೆ. ಪಂದಿ ಕರಿಗೆ ಕಾಚಂಪುಳಿ ಹಾಕುವುದನ್ನು ಯಾರೂ ನಿಲ್ಲಿಸಬೇಕಾಗಿಲ್ಲ.

ಪ್ರಶ್ನೆ: ಕೊಲೆಸ್ಟರಾಲ್ ಮಾತ್ರೆ ಸೇವಿಸುವವರು ಕಿತ್ತಳೆ ತಿನ್ನಬಾರದೆಂದು ಮೊಬೈಲಿನಲ್ಲಿ ಬಂದಿದೆ. ನಮ್ಮ ಹಿತ್ತಲಲ್ಲಿ ಕೊಡಗಿನ ಕಿತ್ತಳೆ, ಕೈಪುಳಿ, ಚಕ್ಕೋತ ಮೂರೂ ಇವೆ. – ಸೋಮವಾರಪೇಟೆ

ಉತ್ತರ: ಮೊಬೈಲಿಗೆ ಬಂದದ್ದು ಅರ್ಧ ನಿಜ, ಮತ್ತು ಆ ಅರ್ಧ ತಪ್ಪು ಹಣ್ಣಿಗೆ ಅಂಟಿಕೊಂಡಿದೆ. ದೋಷವಿರುವುದು ಗ್ರೇಪ್‌ಫ್ರೂಟ್ ಎಂಬ ಹಣ್ಣಿನಲ್ಲಿ. ಕೆನಡಾದ ಡೇವಿಡ್ ಬೈಲಿ ಮತ್ತು ಅವರ ಸಂಗಡಿಗರು ರಕ್ತದೊತ್ತಡದ ಫೆಲೋಡಿಪಿನ್ ಮಾತ್ರೆಗೂ ಮದ್ಯಕ್ಕೂ ಇರುವ ಸಂಬಂಧವನ್ನು ಪರೀಕ್ಷಿಸುವಾಗ, ಮದ್ಯದ ರುಚಿ ಮರೆಮಾಡಲು ಬಳಸಿದ ಗ್ರೇಪ್‌ಫ್ರೂಟ್ ರಸವೇ ಔಷಧದ ಮಟ್ಟವನ್ನು ಏರಿಸಿದ್ದು ಆಕಸ್ಮಿಕವಾಗಿ ಬೆಳಕಿಗೆ ಬಂತು. ಅದರಲ್ಲಿರುವ ಫ್ಯುರನೊಕೌಮರಿನ್‌ಗಳು ಕರುಳಿನ ಗೋಡೆಯ ಕಿಣ್ವವನ್ನು ಕೆಡಿಸಿಬಿಡುತ್ತವೆ. ಹೊಸ ಕಿಣ್ವ ಹುಟ್ಟುವವರೆಗೆ, ಅಂದರೆ ಒಂದರಿಂದ ಮೂರು ದಿನ, ಪರಿಣಾಮ ಉಳಿಯುತ್ತದೆ. ಆದ್ದರಿಂದ ಬೆಳಿಗ್ಗೆ ಹಣ್ಣು, ರಾತ್ರಿ ಮಾತ್ರೆ ಎಂಬ ಉಪಾಯ ಫಲಿಸದು.

ಗ್ರೇಪ್‌ಫ್ರೂಟ್ ಹುಟ್ಟಿದ್ದು ಚಕ್ಕೋತ ಮತ್ತು ಸಿಹಿ ಕಿತ್ತಳೆಯ ಬೆರಕೆಯಿಂದ. ಈ ಗುಣ ಅದಕ್ಕೆ ಬಂದದ್ದು ಚಕ್ಕೋತದ ಕಡೆಯಿಂದ. ಕಹಿ ಕಿತ್ತಳೆಯ ಜಾತಿಗೂ ಅದೇ ಗುಣವಿದೆ, ನಮ್ಮ ಕೈಪುಳಿಯನ್ನು ಆ ಜಾತಿಗೇ ಸೇರಿಸಿ ನೋಡುವುದು ಕ್ಷೇಮ. ಸಡಿಲ ಸಿಪ್ಪೆಯ ಕೊಡಗಿನ ಕಿತ್ತಳೆ ಮ್ಯಾಂಡರಿನ್ ಗುಂಪಿನದು, ಅದನ್ನು ಧಾರಾಳವಾಗಿ ತಿನ್ನಿ. ಮಾತ್ರೆಗಳಲ್ಲಿಯೂ ಭೇದವಿದೆ. ಸಿಂವಾಸ್ಟಾಟಿನ್ ಮೇಲೆ ಪರಿಣಾಮ ತೀವ್ರ, ಅಟೋರ್ವಾಸ್ಟಾಟಿನ್ ಮೇಲೆ ಮಧ್ಯಮ, ರೊಸುವಾಸ್ಟಾಟಿನ್ ಮೇಲೆ ಇಲ್ಲವೆನ್ನುವಷ್ಟು ಕಡಿಮೆ. ನಿಮ್ಮ ಮಾತ್ರೆಯ ಹೆಸರನ್ನು ನೀವು ಬರೆದಿಲ್ಲ, ಪಟ್ಟಿಯ ಹಿಂಬದಿಯನ್ನು ಓದಿ ನೋಡಿ. ಮೊದಲೆರಡರಲ್ಲಿ ಒಂದಾಗಿದ್ದರೆ ಚಕ್ಕೋತವನ್ನು ಬಿಡಿ, ಕೈಪುಳಿ ಪಜ್ಜಿ (ಚಟ್ನಿ) ಅಪರೂಪಕ್ಕೊಮ್ಮೆ ಊಟದ ಅಂಚಿನಲ್ಲಿದ್ದರೆ ಸಾಕು. ತೊಡೆ, ತೋಳಿನ ಸ್ನಾಯುಗಳಲ್ಲಿ ಕಾರಣವಿಲ್ಲದೆ ನೋವು ಬಂದರೆ ವೈದ್ಯರಿಗೆ ತಿಳಿಸಿ. ಮೂತ್ರಪಿಂಡ ಕಸಿಯಾಗಿ ಟ್ಯಾಕ್ರೋಲಿಮಸ್ ಅಥವಾ ಸೈಕ್ಲೋಸ್ಪೊರಿನ್ ಸೇವಿಸುವವರು ಮನೆಯಲ್ಲಿದ್ದರೆ ಚಕ್ಕೋತ, ಕೈಪುಳಿ ಎರಡೂ ಅವರಿಗೆ ಪೂರ್ತಿ ವರ್ಜ್ಯ.

ಪ್ರಶ್ನೆ: ಕೊರೊನಾ ಕಾಲದಿಂದ ಅಮೃತಬಳ್ಳಿಯ ರಸ ಕುಡಿಯುತ್ತಿದ್ದೇನೆ. ಈಗ ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಆರಂಭಿಸಿದ್ದಾರೆ. ಎರಡನ್ನೂ ಮುಂದುವರಿಸಲೇ? – ಕುಶಾಲನಗರ

ಉತ್ತರ: ಬೇಡ. ರುಮಟಾಯ್ಡ್ ಸಂಧಿವಾತದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬೀಳುತ್ತದೆ. ಮೆಥೊಟ್ರೆಕ್ಸೇಟ್ ಆ ವ್ಯವಸ್ಥೆಯನ್ನು ತಗ್ಗಿಸಲು ಕೊಡುವ ಔಷಧ, ಅಮೃತಬಳ್ಳಿಯನ್ನು ನೀವು ಕುಡಿಯುತ್ತಿರುವುದು ಅದೇ ವ್ಯವಸ್ಥೆಯನ್ನು ಹೆಚ್ಚಿಸಲೆಂದು. ಇದಕ್ಕಿಂತ ಗಂಭೀರವಾದದ್ದು ಯಕೃತ್ತಿನ ಪ್ರಶ್ನೆ. ಮೆಥೊಟ್ರೆಕ್ಸೇಟ್ ಯಕೃತ್ತಿಗೆ ಹೊರೆಯಾಗುವುದರಿಂದಲೇ ನಿಮಗೆ ಆಗಾಗ ರಕ್ತಪರೀಕ್ಷೆ ಬರೆಯುತ್ತಾರೆ. 2020ರ ಕೊನೆಯ ತಿಂಗಳುಗಳಲ್ಲಿ ಅಮೃತಬಳ್ಳಿ ಸೇವಿಸಿದ ಆರು ಮಂದಿಯಲ್ಲಿ ಯಕೃತ್ತಿಗೆ ಹಾನಿಯಾದದ್ದನ್ನು ಮುಂಬೈಯ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯವು ಆ ವರದಿಯನ್ನು ಒಪ್ಪಲಿಲ್ಲ, ನೋಡಲು ಹೋಲುವ ಬೇರೆ ಬಳ್ಳಿಯ ಬಳಕೆಯಾಗಿರಬಹುದೆಂದಿತು. ಆ ವಾದದಲ್ಲಿ ಯಾರ ಪಕ್ಷ ಹಿಡಿದರೂ ನಿಮ್ಮ ಮಟ್ಟಿಗೆ ಉತ್ತರ ಒಂದೇ. ಎರಡೂ ಒಟ್ಟಿಗಿದ್ದು ಯಕೃತ್ತಿನ ಕಿಣ್ವಗಳು ಏರಿದರೆ, ಯಾವುದರಿಂದ ಏರಿತೆಂದು ನಿಮ್ಮ ವೈದ್ಯರು ಹೇಳಲಾರರು, ಬೇಕಾದ ಮಾತ್ರೆಯನ್ನೇ ನಿಲ್ಲಿಸಬೇಕಾಗಿ ಬರುತ್ತದೆ.

ಪ್ರಶ್ನೆ: ಥೈರಾಯ್ಡ್ ಮಾತ್ರೆಯನ್ನು ಬೆಳಗಿನ ಬೆಲ್ಲದ ಕಾಫಿಯ ಜೊತೆ ನುಂಗುತ್ತೇನೆ. ಪ್ರಮಾಣ ಹೆಚ್ಚಿಸುತ್ತಲೇ ಇದ್ದಾರೆ. – ನಾಪೋಕ್ಲು

ಉತ್ತರ: ಕಾರಣ ಬಹುಶಃ ಲೋಟದಲ್ಲೇ ಇದೆ. ಲೆವೊಥೈರಾಕ್ಸಿನ್ ಹೀರಿಕೆಯನ್ನು ಕಾಫಿ ತಗ್ಗಿಸುತ್ತದೆ. ಎದ್ದ ಕೂಡಲೇ ಬರಿಯ ನೀರಿನಲ್ಲಿ ಮಾತ್ರೆ ನುಂಗಿ, ಒಂದು ಗಂಟೆ ಬಿಟ್ಟು ಕಾಫಿ ಕುಡಿಯಿರಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿದ್ದರೆ ಅವು ನಾಲ್ಕು ಗಂಟೆಯ ನಂತರ ಇರಲಿ, ಕಬ್ಬಿಣದ ಮಾತ್ರೆಯನ್ನೂ ಕಾಫಿಯ ಜೊತೆ ನುಂಗಬಾರದು. ಹೀಗೆ ಬದಲಾಯಿಸಿದ ಆರು ವಾರಗಳ ನಂತರ ಥೈರಾಯ್ಡ್ ಸ್ಥಿತಿ ತೋರಿಸುವ ಟಿಎಸ್‌ಎಚ್ ಪರೀಕ್ಷೆ ಮಾಡಿಸುವುದು ಅಗತ್ಯ, ಏಕೆಂದರೆ ಕಾಫಿಯ ಅಡ್ಡಿ ಸರಿದ ಮೇಲೆ ಈಗಿನ ಹೆಚ್ಚಿದ ಪ್ರಮಾಣ ನಿಮಗೆ ಅತಿಯಾಗಿ ಎದೆ ಹೊಡೆದುಕೊಳ್ಳಬಹುದು.